ಹಳೆಯ ಉಕ್ಕಿನ ಸೈಕಲ್ಲಿಗೆ ಹೊಸ ಅಂಗಗಳು

ನಿರುಪಯೋಗಿಯೆಂದು ನಾವು ಮೂಲೆಗೆ ತಳ್ಳಿದ ಎಷ್ಟೋ ಪದಾರ್ಥಗಳಲ್ಲಿ ಸೈಕಲ್ಲೂ ಒಂದು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ ತುಕ್ಕು ಹಿಡಿದ ಸೈಕಲ್ಲುಗಳು ನಿಂತಿವೆ. ಗುಜರಿಯವನು ಅವನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾನೆ. ಆದರೆ ಮದರಾಸಿನ ಟಿ.ಐ. ಸೈಕಲ್ಸ್ (೧೯೪೯), ಲೂಧಿಯಾನದ ಹೀರೋ (೧೯೫೬) ಮೊದಲಾದ ಸಂಸ್ಥೆಗಳು ದೇಶಕ್ಕಿತ್ತ ಉಕ್ಕಿನ ಚೌಕಟ್ಟುಗಳು ಅಷ್ಟು ಸುಲಭವಾಗಿ ಸಾಯುವಂಥವಲ್ಲ. ಅವಕ್ಕೆ ಈ ಕಾಲದ ಅಂಗಗಳನ್ನು ಜೋಡಿಸುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಿದರ್ಶನಕ್ಕೆ ನಮ್ಮ ಮನೆಯ ಸೈಕಲ್ಲನ್ನೇ ತೆಗೆದುಕೊಳ್ಳುತ್ತೇನೆ. ಬಾಗಿದ ಹ್ಯಾಂಡಲ್ಲಿನ, ಗೇರುಗಳುಳ್ಳ ಈ ಸೈಕಲ್ಲಿನಲ್ಲಿ ನಮ್ಮ ತಂದೆಯವರು ಬಹುಕಾಲ ಕಾಮಾಕ್ಷಿಪಾಳ್ಯದ ಲೇತ್ ಕೆಲಸಕ್ಕೆ ಹೋಗಿಬರುತ್ತಿದ್ದರು. ಮಾರಿಬಿಡೋಣವೆಂದು ತಾಯಿಯವರ ಮತ. ಕಾಲೇಜಿಗೆ ಬಳಸುವೆನೆಂದು ನನ್ನ ಹಟ. "ಮೊದಲು ಅಳತೆ ನೋಡು, ಆಮೇಲೆ ಮಾತಾಡು" ಎಂದರು ತಂದೆಯವರು.

ಮೊದಲ ಪರೀಕ್ಷೆ ಚೌಕಟ್ಟಿನದು. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಕೊಳವೆಯನ್ನು ಕೊರೆದ ತುಕ್ಕು ಹೋಗದು. ಹ್ಯಾಂಡಲ್ಲಿನ ಕೊಳವೆಯ ಹಿಂದೆ ಬಣ್ಣ ಸುಕ್ಕುಗಟ್ಟಿದ್ದರೆ ಹಿಂದೆಂದೋ ಎದುರಿನಿಂದ ಪೆಟ್ಟು ಬಿದ್ದಿದೆಯೆಂದು ಅನುಮಾನಿಸಬೇಕು. ಬಿರುಕು ಕಂಡರಂತೂ ಅದನ್ನು ಏರಬಾರದು. ಬಳಿಕ ಹಿಂದಿನ ಗಾಲಿ ಕೂರುವ ಒಂದು ತುದಿಯಿಂದ ದಾರವನ್ನು ಮುಂದಿನ ಕೊಳವೆಗೆ ಸುತ್ತಿ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಸಮನಾಗಿದ್ದರೆ ಚೌಕಟ್ಟಿನ ಹಿಂಭಾಗ ನೇರವಾಗಿದೆಯೆಂದು ಅರ್ಥ.

ಎರಡನೆಯದು ಗಾಲಿ. ನಮ್ಮದು ಹಳೆಯ ೨೭ ಇಂಚಿನದು. ಟೈರು ಕೂರುವಲ್ಲಿ ಅದರ ರಿಮ್ಮಿನ ವ್ಯಾಸ ೬೩೦ ಮಿಲಿಮೀಟರು. ಇಂದಿನ ೭೦೦-ಸಿ ಗಾಲಿಯದು ೬೨೨. ಆದುದರಿಂದ ಬ್ರೇಕಿನ ರಬ್ಬರು ೪ ಮಿಲಿಮೀಟರು ಕೆಳಗಿಳಿಯಬೇಕು. ಇಳಿಯದಿದ್ದರೆ ಉದ್ದ ತೋಳಿನ ಬ್ರೇಕೇ ಬೇಕು. ಕೈಯಲ್ಲಿ ಒಂದೇ ಹೊಸ ಅಂಗಕ್ಕೆ ಹಣವಿದ್ದರೆ ಗಾಲಿಗೇ ಅದನ್ನು ವೆಚ್ಚಮಾಡಿರೆಂದು ಹೇಳುವೆನು. ಹಳೆಯ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದು ತೀರ ಕಡಮೆ. ಅಲ್ಯೂಮಿನಿಯಂ ರಿಮ್ಮು ಎಷ್ಟೋ ಮೇಲು. ಮೈಸೂರು ರಸ್ತೆಯ ಬಸ್ಸು ಲಾರಿಗಳ ನಡುವೆ ಇದು ಪ್ರಾಣದ ಪ್ರಶ್ನೆಯಲ್ಲವೇ?

ಮೂರನೆಯದು ಹಿಂದಿನ ತುದಿಗಳ ಅಂತರ. ಐದು ಹಲ್ಲುಚಕ್ರಗಳ ಕಾಲದಲ್ಲಿ ಅದು ಸಾಮಾನ್ಯವಾಗಿ ೧೨೦ ಮಿಲಿಮೀಟರು, ಆರರ ಕಾಲದಲ್ಲಿ ೧೨೬. ಎಂಟು ಹಲ್ಲುಚಕ್ರಗಳ ರಸ್ತೆ ಸೈಕಲ್ಲಿಗೆ ೧೩೦. ನಮ್ಮದು ೧೨೬ ಇತ್ತು. ಒಂದೊಂದು ಕಡೆಗೆ ಎರಡೆರಡು ಮಿಲಿಮೀಟರು ಅಗಲಿಸಬೇಕಾಯಿತು. ಉಕ್ಕು ಬಾಗಿಯೂ ಬಲವುಳಿಸಿಕೊಳ್ಳುವುದರಿಂದ ಈ ಕೆಲಸ ಸಾಧ್ಯ. ಅಲ್ಯೂಮಿನಿಯಂ, ಕಾರ್ಬನ್ ಚೌಕಟ್ಟುಗಳಲ್ಲಿ ಇದನ್ನು ಎಂದಿಗೂ ಮಾಡಬಾರದು. ಬೆಂಕಿ ತೋರಿಸಬಾರದು. ಸ್ವಲ್ಪ ಸ್ವಲ್ಪವೇ ಒತ್ತಿ, ಒತ್ತಿದಾಗಲೆಲ್ಲ ದಾರ ಕಟ್ಟಿ ನೋಡಿ, ಕೊನೆಗೆ ಎರಡು ತುದಿಗಳನ್ನೂ ಸಮಾನಾಂತರವಾಗಿ ತಿದ್ದಬೇಕು. ಇದನ್ನು ತಂದೆಯವರೇ ಮಾಡಿದರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವನು ನಾನೇ ಮೊದಲಿಗನಾದರೂ, ಅರ್ಧ ಮಿಲಿಮೀಟರನ್ನು ಬೆರಳ ತುದಿಯಲ್ಲಿ ತಿಳಿಯುವ ವಿದ್ಯೆ ಅವರದು.

ಪೆಡಲಿನ ಅಚ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಮಾದರಿಯಲ್ಲಿ ಬಲಗಡೆಯ ಬಟ್ಟಲಿನ ಮರೆ ತಿರುಗುಮುರುಗು; ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅರಿಯದೆ ಬಲಪ್ರಯೋಗ ಮಾಡಿದರೆ ಮರೆ ಹಾಳಾಗಬಹುದು.

ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾದುದಿಲ್ಲ. ಚೌಕಟ್ಟಿನ ಮೇಲಿದ್ದ ಹಳೆಯ ಗೇರಿನ ಕಡ್ಡಿಗೆ ಎಣಿಕೆಯ ಮೆಟ್ಟಿಲುಗಳಿಲ್ಲ. ಕೈಯಂದಾಜಿನ ಮೇಲೆ ನಡೆಯುವುದರಿಂದ ಎಂಟು ಹಲ್ಲುಚಕ್ರಗಳಿಗೂ ಅದೇ ಸಾಕಾಯಿತು. ತಂದೆಯವರ ಕೈ ಸವೆಸಿದ ಆ ಕಡ್ಡಿಯನ್ನು ನಾವು ತೆಗೆಯಲಿಲ್ಲ. ಲೆಕ್ಕ ಹಾಕಿದ ಮೇಲೆ ತಾಯಿಯವರೂ ಮಾರುವ ಮಾತೆತ್ತಲಿಲ್ಲ.

ಸಹಪಾಠಿಗಳೇ, ನಿಮ್ಮ ಮನೆಯಲ್ಲೂ ಇಂಥ ಸೈಕಲ್ಲಿದ್ದರೆ ಗುಜರಿಯವನನ್ನು ಕರೆಯುವ ಮುನ್ನ ಒಂದು ದಾರ, ಒಂದು ಅಳತೆಪಟ್ಟಿ ಹಿಡಿದು ಕುಳಿತುಕೊಳ್ಳಿ. ಅದನ್ನು ಓಡಿಸಿದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.