ಮನಸ್ಸಿಗೆ ಪೂರ್ತಿ ಒಪ್ಪುವ ಅಭ್ಯರ್ಥಿಯೇ ಇಲ್ಲದಿದ್ದರೆ ಮತ ಯಾರಿಗೆ? ಕ್ರೈಸ್ತ ಮತದಾರರ ಧರ್ಮಸಂಕಟ ಮತ್ತು ಸಿಕಂದರಾಬಾದ್ ಕಂಟೋನ್ಮೆಂಟ್‌ನ ಉದಾಹರಣೆ

ಹೈದರಾಬಾದ್: 2024ರ ಮೇ 13ರಂದು ಸಿಕಂದರಾಬಾದ್ ಕಂಟೋನ್ಮೆಂಟ್‌ನ ಮತದಾರರು ಒಂದೇ ಮತಗಟ್ಟೆಯಲ್ಲಿ ಎರಡು ಬಾರಿ ಬಟನ್ ಒತ್ತಬೇಕಿತ್ತು. ಮೊದಲನೆಯದು ಮಲ್ಕಾಜ್‌ಗಿರಿ ಲೋಕಸಭಾ ಕ್ಷೇತ್ರಕ್ಕೆ. ಎರಡನೆಯದು, ಶಾಸಕಿ ಲಾಸ್ಯ ನಂದಿತಾ ಅದೇ ವರ್ಷದ ಫೆಬ್ರವರಿಯಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟಿದ್ದರಿಂದ ತೆರವಾಗಿದ್ದ ವಿಧಾನಸಭಾ ಸ್ಥಾನಕ್ಕೆ. ಬೊಲ್ಲಾರಂನ ಹೋಲಿ ಟ್ರಿನಿಟಿ, ತಿರುಮಲಗಿರಿಯ ಆಲ್ ಸೇಂಟ್ಸ್‌ನಂಥ ಬ್ರಿಟಿಷರ ಕಾಲದ ಚರ್ಚ್‌ಗಳಿರುವ ಈ ಭಾಗದ ಕ್ರೈಸ್ತ ಮತದಾರರಿಗೆ ಎರಡೂ ಆಯ್ಕೆ ಸುಲಭವಾಗಿರಲಿಲ್ಲ.

ಎಲ್ಲ ಅಭ್ಯರ್ಥಿಗಳಲ್ಲೂ ಒಂದಲ್ಲ ಒಂದು ಕೊರತೆ ಕಂಡಾಗ ಯಾರಿಗೆ ಮತ ಹಾಕಬೇಕು? ಹಾಕಿದರೆ ಅವರ ತಪ್ಪಿನಲ್ಲಿ ನಮಗೂ ಪಾಲಿದೆಯೇ? ಹಾಕದಿದ್ದರೆ ಕೈ ತೊಳೆದುಕೊಂಡಂತೆಯೇ? ಎಲ್ಲ ಧರ್ಮದವರನ್ನೂ ಕಾಡುವ ಪ್ರಶ್ನೆಗಳಿವು. ಕ್ರೈಸ್ತ ಧರ್ಮದಲ್ಲಿ ಇವುಗಳ ಬಗ್ಗೆ ಸ್ಪಷ್ಟವಾದ ಚಿಂತನೆ ಇದೆ. ಅದು ಏನು ಹೇಳುತ್ತದೆ, ಕಾನೂನು ಎಲ್ಲಿ ಗೆರೆ ಎಳೆಯುತ್ತದೆ ಎಂಬ ವಿವರ ಇಲ್ಲಿದೆ.

ಅಭ್ಯರ್ಥಿ ಅವರೇ, ಚಿಹ್ನೆ ಬೇರೆ

ಕಂಟೋನ್ಮೆಂಟ್ ಉಪಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದವರು ಶ್ರೀಗಣೇಶ್. 2023ರ ನವೆಂಬರ್ 30ರಂದು ನಡೆದ ವಿಧಾನಸಭಾ ಚುನಾವಣೆಯಲ್ಲಿ ಅವರು ಇದೇ ಕ್ಷೇತ್ರದಿಂದ ಬಿಜೆಪಿ ಟಿಕೆಟ್‌ನಲ್ಲಿ ಸ್ಪರ್ಧಿಸಿ ಎರಡನೇ ಸ್ಥಾನ ಪಡೆದಿದ್ದರು. ಬಿಆರ್‌ಎಸ್, ಲಾಸ್ಯ ನಂದಿತಾ ಅವರ ಸಹೋದರಿ ನಿವೇದಿತಾ ಅವರನ್ನು ಕಣಕ್ಕಿಳಿಸಿತ್ತು. ಬಿಜೆಪಿ ವಂಶ ತಿಲಕ್ ಅವರಿಗೆ ಟಿಕೆಟ್ ನೀಡಿತ್ತು.

ಲೋಕಸಭೆಯ ಕಣವೂ ಹೆಚ್ಚು ಭಿನ್ನವಾಗಿರಲಿಲ್ಲ. ಬಿಜೆಪಿಯ ಈಟಲ ರಾಜೇಂದರ್ 2021ರವರೆಗೆ ಟಿಆರ್‌ಎಸ್ ಸರ್ಕಾರದಲ್ಲಿ ಸಚಿವರಾಗಿದ್ದವರು. ಕಾಂಗ್ರೆಸ್‌ನ ಸುನೀತಾ ಮಹೇಂದರ್ ರೆಡ್ಡಿ ಚುನಾವಣೆಗೆ ಕೆಲವೇ ತಿಂಗಳ ಮೊದಲು ಬಿಆರ್‌ಎಸ್‌ನಿಂದ ಬಂದವರು. ಬಿಆರ್‌ಎಸ್‌ನ ರಾಗಿಡಿ ಲಕ್ಷ್ಮಾ ರೆಡ್ಡಿ ಅದಕ್ಕೂ ಹಿಂದೆ ಕಾಂಗ್ರೆಸ್‌ನಲ್ಲಿದ್ದವರು. ಅಂದರೆ ಮೂರು ಪ್ರಮುಖ ಪಕ್ಷಗಳ ಅಭ್ಯರ್ಥಿಗಳೂ ಪಕ್ಷ ಬದಲಿಸಿದವರೇ.

ಪಕ್ಷ ನೋಡಿ ಮತ ಹಾಕುವವರಿಗೆ ವ್ಯಕ್ತಿ ಅಡ್ಡ ಬರುತ್ತಿದ್ದರು. ವ್ಯಕ್ತಿ ನೋಡಿ ಹಾಕುವವರಿಗೆ ಪಕ್ಷ ಅಡ್ಡ ಬರುತ್ತಿತ್ತು. ಐದು ತಿಂಗಳ ಹಿಂದೆ ಪಕ್ಷದ ಕಾರಣಕ್ಕೆ ಬೇಡ ಎಂದ ಅಭ್ಯರ್ಥಿಯನ್ನು ಈಗ ಚಿಹ್ನೆ ಬದಲಾಗಿದೆ ಎಂದು ಒಪ್ಪಬೇಕೇ ಎಂಬ ಪ್ರಶ್ನೆಯೂ ಎದುರಾಗಿತ್ತು.

ಸುರಕ್ಷತೆಯ ಪ್ರಶ್ನೆ

ಆ ಚುನಾವಣೆ ವೇಳೆ ಸಮುದಾಯದಲ್ಲಿ ಆತಂಕವೂ ಇತ್ತು. 2023ರ ಮೇ 3ರಂದು ಆರಂಭವಾದ ಮಣಿಪುರ ಹಿಂಸಾಚಾರದಲ್ಲಿ ನೂರಾರು ಚರ್ಚ್‌ಗಳು ಹಾನಿಗೀಡಾಗಿದ್ದವು. ತೆಲಂಗಾಣದಲ್ಲೇ, ಮತದಾನಕ್ಕೆ ನಾಲ್ಕು ವಾರಗಳಿರುವಾಗ, ಏಪ್ರಿಲ್ 16ರಂದು ಮಂಚಿರ್ಯಾಲ ಜಿಲ್ಲೆಯ ಲಕ್ಷೆಟ್ಟಿಪೇಟೆ ಬಳಿ ಕ್ಯಾಥೋಲಿಕ್ ಶಾಲೆಯೊಂದರ ಮೇಲೆ ಗುಂಪು ದಾಳಿ ನಡೆಸಿತು. ವಿದ್ಯಾರ್ಥಿಗಳ ಉಡುಪಿನ ಕುರಿತ ವಿವಾದ ಅದಕ್ಕೆ ಕಾರಣವಾಗಿತ್ತು. ಮದರ್ ತೆರೇಸಾ ಪ್ರತಿಮೆಗೂ ಹಾನಿಯಾಯಿತು. ಆಗ ಪೊಲೀಸರು ಶಾಲೆಯ ಆಡಳಿತದ ವಿರುದ್ಧವೂ ಪ್ರಕರಣ ದಾಖಲಿಸಿದ್ದರು.

ಆ ಹೊತ್ತಿಗೆ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಪಕ್ಷದ ಹೆಸರೊಂದೇ ರಕ್ಷಣೆಯ ಖಾತರಿ ಆಗುವುದಿಲ್ಲ ಎಂಬುದನ್ನು ಈ ಘಟನೆ ತೋರಿಸಿತು. ಅದಕ್ಕೂ ಹಿಂದೆ ಬಿಆರ್‌ಎಸ್ ಸರ್ಕಾರ ಎಲ್‌ಬಿ ಸ್ಟೇಡಿಯಂನಲ್ಲಿ ಕ್ರಿಸ್ಮಸ್ ಔತಣಕೂಟ ಏರ್ಪಡಿಸಿ, ಬಡ ಕ್ರೈಸ್ತರಿಗೆ ಬಟ್ಟೆ ವಿತರಿಸುತ್ತಿತ್ತು. ಉಡುಗೊರೆ ಕೊಡುವ ಸರ್ಕಾರವೇ ಒಳ್ಳೆಯ ಸರ್ಕಾರವೇ ಎಂಬುದು ಇನ್ನೊಂದು ಪ್ರಶ್ನೆ.

ಮತ ಇದೆ, ಸ್ಪರ್ಧೆ ಇಲ್ಲ

ಕಂಟೋನ್ಮೆಂಟ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ತೆಲಂಗಾಣದ ಕ್ರೈಸ್ತರಲ್ಲಿ ದೊಡ್ಡ ಭಾಗ ದಲಿತ ಹಿನ್ನೆಲೆಯವರು. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್ ಮತ್ತು ಬೌದ್ಧರಿಗೆ ಮಾತ್ರ ಈ ಸ್ಥಾನಮಾನ ಸಿಗುತ್ತದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ದಲಿತ ಕ್ರೈಸ್ತರು ತೆಲಂಗಾಣದಲ್ಲಿ ಹಿಂದುಳಿದ ವರ್ಗಗಳ 'ಸಿ' ಗುಂಪಿನಲ್ಲಿದ್ದು, ಶೇ.1ರಷ್ಟು ಮೀಸಲಾತಿ ಪಡೆಯುತ್ತಾರೆ.

ಹೀಗಾಗಿ ಇಲ್ಲಿನ ದಲಿತ ಕ್ರೈಸ್ತರು ಮತ ಹಾಕಬಹುದು, ಆದರೆ ತಮ್ಮದೇ ಕ್ಷೇತ್ರದಲ್ಲಿ ಸ್ಪರ್ಧಿಸುವಂತಿಲ್ಲ. ಅಭ್ಯರ್ಥಿಗಳು ಸರಿಯಿಲ್ಲ ಎನಿಸಿದರೆ ತಮ್ಮವರೊಬ್ಬರನ್ನು ನಿಲ್ಲಿಸುವ ದಾರಿಯೂ ಅವರಿಗಿಲ್ಲ. ಈ ಬೇಡಿಕೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗ ರಚಿಸಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಹೈದರಾಬಾದ್‌ನ ಆರ್ಚ್‌ಬಿಷಪ್ ಆಂಥೋನಿ ಪೂಲ ಅವರು ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಆದರು. ಪೋಪ್ ಆಯ್ಕೆಯಲ್ಲಿ ಮತ ಹಾಕುವ ಸ್ಥಾನ ಈ ಸಮುದಾಯಕ್ಕೆ ಸಿಕ್ಕಿದೆ, ಮೀಸಲು ವಾರ್ಡ್‌ನಲ್ಲಿ ನಾಮಪತ್ರ ಸಲ್ಲಿಸುವ ಹಕ್ಕು ಸಿಕ್ಕಿಲ್ಲ.

ಚರ್ಚ್ ಏನು ಹೇಳುತ್ತದೆ?

ಕ್ಯಾಥೋಲಿಕ್ ಬೋಧನೆಯ ಪ್ರಕಾರ ತೆರಿಗೆ ಕಟ್ಟುವುದು, ದೇಶವನ್ನು ರಕ್ಷಿಸುವುದರ ಜೊತೆಗೆ ಮತ ಚಲಾಯಿಸುವುದೂ ನೈತಿಕ ಹೊಣೆ. ಇಂಥವರಿಗೇ ಹಾಕಿ ಎಂದು ಅದು ಹೇಳುವುದಿಲ್ಲ. ತೀರ್ಮಾನವನ್ನು ಆತ್ಮಸಾಕ್ಷಿಗೆ ಬಿಡುತ್ತದೆ. ಆದರೆ ಆತ್ಮಸಾಕ್ಷಿ ಎಂದರೆ ಮನಸ್ಸಿಗೆ ತೋಚಿದ್ದು ಎಂದಲ್ಲ. ವಿಷಯ ತಿಳಿದುಕೊಂಡು, ತೂಗಿ ನೋಡಿ ನಿರ್ಧರಿಸಬೇಕು ಎಂಬುದು ಷರತ್ತು.

ಅಭ್ಯರ್ಥಿಯ ತಪ್ಪಿನಲ್ಲಿ ಮತದಾರರ ಪಾಲೆಷ್ಟು ಎಂಬುದಕ್ಕೂ ಉತ್ತರವಿದೆ. ಮುಂದೆ ಪೋಪ್ 16ನೇ ಬೆನೆಡಿಕ್ಟ್ ಆದ ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್ 2004ರಲ್ಲಿ ಅಮೆರಿಕದ ಬಿಷಪ್‌ಗಳಿಗೆ ಬರೆದ ಟಿಪ್ಪಣಿಯಲ್ಲಿ ಇದನ್ನು ಗರ್ಭಪಾತದ ವಿಷಯದಲ್ಲಿ ವಿವರಿಸಿದ್ದರು. ತಪ್ಪು ನಿಲುವನ್ನು ಮೆಚ್ಚಿ, ಅದಕ್ಕಾಗಿಯೇ ಮತ ಹಾಕಿದರೆ ಆ ತಪ್ಪಿನಲ್ಲಿ ಮತದಾರರೂ ಭಾಗಿ. ಅದನ್ನು ಒಪ್ಪದೆ, ಅಷ್ಟೇ ಗಂಭೀರವಾದ ಬೇರೆ ಕಾರಣಕ್ಕೆ ಹಾಕಿದರೆ ಅದು ದೂರದ ಸಂಬಂಧ ಮಾತ್ರ, ತಕ್ಕ ಕಾರಣವಿದ್ದರೆ ಅದಕ್ಕೆ ಅವಕಾಶವಿದೆ.

2024ರ ಸೆಪ್ಟೆಂಬರ್ 13ರಂದು ಸಿಂಗಾಪುರದಿಂದ ಮರಳುವಾಗ ಪೋಪ್ ಫ್ರಾನ್ಸಿಸ್ ಅವರಿಗೆ ಅಮೆರಿಕದ ಚುನಾವಣೆ ಬಗ್ಗೆ ಇದೇ ಪ್ರಶ್ನೆ ಎದುರಾಯಿತು. ವಲಸಿಗರನ್ನು ಹೊರದಬ್ಬುವುದು, ಗರ್ಭಪಾತವನ್ನು ಬೆಂಬಲಿಸುವುದು ಎರಡೂ ಜೀವಕ್ಕೆ ವಿರುದ್ಧ ಎಂದ ಅವರು, ಕಡಿಮೆ ಕೆಡುಕಿನ ಆಯ್ಕೆ ಯಾವುದೆಂದು ಪ್ರತಿಯೊಬ್ಬರೂ ಆತ್ಮಸಾಕ್ಷಿಯಂತೆ ಯೋಚಿಸಬೇಕು, ಮತ ಹಾಕದಿರುವುದು ಒಳ್ಳೆಯದಲ್ಲ ಎಂದಿದ್ದರು.

ಸಿಎಸ್‌ಐ ಸೇರಿದಂತೆ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೈಬಲ್ಲೇ ಆಧಾರ. ಆಳುವವರಿಗೆ ಅಧೀನರಾಗಿರಲು ಹೇಳುವ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಒಂದೆಡೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂಬ ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ಇನ್ನೊಂದೆಡೆ. ಸೆರೆಯಾಳುಗಳಾಗಿ ಹೋದವರು ತಾವಿರುವ ಪಟ್ಟಣದ ಕ್ಷೇಮವನ್ನು ಬಯಸಬೇಕೆಂದ ಯೆರೆಮೀಯನ ಪತ್ರವೂ ಇದೆ. ಹಾಗೆ ನೋಡಿದರೆ ನಮ್ಮ ಚರ್ಚ್‌ಗೆ ಯಾರು ಒಳ್ಳೆಯವರು ಎಂಬುದರಷ್ಟೇ, ಊರಿಗೆ ಯಾರು ಒಳ್ಳೆಯವರು ಎಂಬುದೂ ಮುಖ್ಯ.

ಪಾದ್ರಿ ಹೇಳಬಹುದೇ?

2024ರ ಲೋಕಸಭಾ ಚುನಾವಣೆಗೆ ಮುನ್ನ ಕ್ಯಾಥೋಲಿಕ್ ಬಿಷಪ್‌ಗಳ ಒಕ್ಕೂಟ ಸಿಬಿಸಿಐ, ಮಾರ್ಚ್ 22ರಂದು ದೇಶಕ್ಕಾಗಿ ಪ್ರಾರ್ಥಿಸಿ ಉಪವಾಸ ಮಾಡಲು ಕರೆ ನೀಡಿತ್ತು. ಅದಕ್ಕಿಂತ ಮುಂದೆ ಹೋಗಿ ಇಂಥವರಿಗೇ ಮತ ಹಾಕಿ ಎಂದರೆ ಕಾನೂನಿನ ತೊಡಕು ಬರಬಹುದು.

ಧರ್ಮದ ಹೆಸರಿನಲ್ಲಿ ಮತ ಕೇಳುವುದು ಜನತಾ ಪ್ರಾತಿನಿಧ್ಯ ಕಾಯ್ದೆ 1951ರ ಸೆಕ್ಷನ್ 123ರಡಿ ಭ್ರಷ್ಟ ಆಚರಣೆ. ಮತ ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ನಂಬಿಸುವುದೂ ಅದೇ ಸೆಕ್ಷನ್‌ನಡಿ ಬರುತ್ತದೆ. ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಹೀಗೆ ಮಾಡಿದರೆ ಆಯ್ಕೆಯೇ ಅಸಿಂಧುವಾಗಬಹುದು. ಚರ್ಚ್, ಮಸೀದಿ, ದೇವಸ್ಥಾನಗಳನ್ನು ಪ್ರಚಾರಕ್ಕೆ ಬಳಸುವುದನ್ನು ಮಾದರಿ ನೀತಿ ಸಂಹಿತೆಯೂ ನಿಷೇಧಿಸುತ್ತದೆ. ಹೀಗೆ ಧರ್ಮ ಮತ್ತು ಕಾನೂನು ಎರಡೂ ತೀರ್ಮಾನವನ್ನು ಮತದಾರರ ಕೈಗೇ ಕೊಡುತ್ತವೆ.

ನೋಟಾ ಪರಿಹಾರವೇ?

ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ನೀಡಿದ ತೀರ್ಪಿನ ನಂತರ ಮತಯಂತ್ರದಲ್ಲಿ ನೋಟಾ ಬಂದಿದೆ. ಯಾರೂ ಒಪ್ಪಿಗೆಯಿಲ್ಲ ಎಂದು ದಾಖಲಿಸಲು ಇದು ದಾರಿ. ಆದರೆ ಅದರಿಂದ ಫಲಿತಾಂಶ ಬದಲಾಗದು. 2024ರಲ್ಲಿ ಇಂದೋರ್‌ನಲ್ಲಿ 2.18 ಲಕ್ಷ ನೋಟಾ ಮತ ಬಿದ್ದರೂ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆದ್ದರು. ಮತಗಟ್ಟೆಗೇ ಹೋಗದಿದ್ದರೆ ಅಸಮಾಧಾನವೂ ದಾಖಲಾಗುವುದಿಲ್ಲ. ಮಲ್ಕಾಜ್‌ಗಿರಿಯಲ್ಲಿ ಅಂದು ಮತ ಹಾಕಿದ್ದು ಅರ್ಧದಷ್ಟು ಮತದಾರರು ಮಾತ್ರ.

ಹಾಗಾದರೆ ತೂಗುವುದು ಹೇಗೆ?

ಅಭ್ಯರ್ಥಿಗಳ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲದ ವಿವರವಿರುವ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ದಾಳಿ, ಗಲಭೆಯಂಥ ಸಂದರ್ಭದಲ್ಲಿ ಯಾರು ಏನು ಮಾಡಿದರು, ಯಾರು ಸುಮ್ಮನಿದ್ದರು ಎಂಬುದು ಭಾಷಣಕ್ಕಿಂತ ದೊಡ್ಡ ಸಾಕ್ಷಿ. ಹಣ ಪಡೆದು ಮತ ಹಾಕುವುದು ಕೊಡುವವರಿಗಷ್ಟೇ ಅಲ್ಲ, ಪಡೆಯುವವರಿಗೂ ಅಪರಾಧ. ಅಭ್ಯರ್ಥಿಯ ಕೊರತೆ ಎಣಿಸುವ ಮೊದಲು ಅದನ್ನೂ ನೆನಪಿಡಬೇಕು.

ಮಲ್ಕಾಜ್‌ಗಿರಿಯಲ್ಲಿ ಬಿಜೆಪಿಯ ಈಟಲ 3.91 ಲಕ್ಷ ಮತಗಳಿಂದ ಗೆದ್ದರೆ, ಕಂಟೋನ್ಮೆಂಟ್‌ನಲ್ಲಿ ಕಾಂಗ್ರೆಸ್‌ನ ಶ್ರೀಗಣೇಶ್ 13,206 ಮತಗಳಿಂದ ಗೆದ್ದರು. ಮತ ಹಾಕಿದವರಿಗೂ ಹಾಕದವರಿಗೂ ಅವರೇ ಪ್ರತಿನಿಧಿಗಳು. ಅಳೆದು ತೂಗಿ, ಕೊರತೆ ಗೊತ್ತಿದ್ದೂ ಮತ ಕೊಟ್ಟವರಿಗೆ ಆ ಕೊರತೆಯ ಬಗ್ಗೆ ಐದು ವರ್ಷ ಪ್ರಶ್ನೆ ಕೇಳುವ ಹೊಣೆಯೂ ಇದೆ.