ಕುವೆಂಪು ಪ್ರತಿಮೆಯನ್ನು ಕಡೆದವರು

ಬೆಳಗ್ಗೆ ಗಾಂಧಿಬಜಾರಿನಿಂದ ಹೊರಟು ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬರುವುದು ನನ್ನ ಹಳೆಯ ರೂಢಿ. ಪಶ್ಚಿಮ ದ್ವಾರದ ಕುವೆಂಪು ಪ್ರತಿಮೆಗೆ ಎಷ್ಟು ಸಲ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಮಾಡಿದವರು ಯಾರೆಂದು ಮಾತ್ರ ಒಂದು ದಿನವೂ ವಿಚಾರಿಸಿರಲಿಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯ ನಡುವೆ, ಶಿಲ್ಪಿ ಕನಕಾ ಮೂರ್ತಿ ತೀರಿಕೊಂಡ ಸುದ್ದಿ ಓದುವಾಗ ತಿಳಿಯಿತು, ಅದು ಅವರ ಕೈಯ ಕೆಲಸ ಎಂದು.

1942ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಹೆಣ್ಣುಮಗಳು. ಬೆಂಗಳೂರಿಗೆ ಬಂದು ಎ. ಎನ್. ಸುಬ್ಬರಾಯರು ಕಟ್ಟಿದ ಕಲಾಮಂದಿರದಲ್ಲಿ ಕಲಿತರು. ಉಳಿ ಸುತ್ತಿಗೆ ಹೆಂಗಸರಿಗೆ ಹೇಳಿಸಿದ್ದಲ್ಲ ಎನ್ನುವ ಕಾಲದಲ್ಲಿ ದೇವಲಕುಂದ ವಾದಿರಾಜರ ಶಿಷ್ಯೆಯಾದರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿರುವ ರೈಟ್ ಸಹೋದರರೂ ಅವರ ಕೃತಿಯೇ. 2011ರ ಜಕಣಾಚಾರಿ ಪ್ರಶಸ್ತಿ ಅವರಿಗೆ ಬಂತು. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆ ಸುದ್ದಿಯನ್ನು ಕತ್ತರಿಸಿ, ಮೇಲೆ ತಾರೀಖು ಬರೆದು ಫೈಲಿಗೆ ಸೇರಿಸಿದೆ.

ಆ ಫೈಲು ಕಪಾಟಿನಿಂದ ಹೊರಬಂದದ್ದು ಮಾರ್ಚಿನ ಒಂದು ಭಾನುವಾರ. ಎದುರುಮನೆಯ ಹುಡುಗಿ ಬಂದು, "ಆಂಟಿ, ವಿಕಿಪೀಡಿಯಕ್ಕೆ ಕಲಾವಿದೆಯರ ಬಗ್ಗೆ ಬರೆಯೋಕೆ ಸೇರ್ತಾ ಇದ್ದೀವಿ. ನಿಮ್ಮ ಪೇಪರ್ ಕಟಿಂಗ್ಸ್ ತಗೊಂಡು ಬನ್ನಿ" ಎಂದಳು. ಹೀಗೆ ಹತ್ತಾರು ಜನ ಒಂದು ಕಡೆ ಕೂತು, ಒಂದೇ ವಿಷಯ ಹಿಡಿದು ಲೇಖನ ಬರೆಯುವುದಕ್ಕೆ, ಇದ್ದದ್ದನ್ನು ತಿದ್ದುವುದಕ್ಕೆ ಕನ್ನಡ ವಿಕಿಪೀಡಿಯದವರು ಇಟ್ಟ ಹೆಸರು ಸಂಪಾದನೋತ್ಸವ. ನನಗೆ ಬಹಳ ಹಿಡಿಸಿದ ಮಾತು.

ಇದರ ಹಿಂದೊಂದು ಕಥೆಯಿದೆ. 2011ರ ಸಮೀಕ್ಷೆಯೊಂದರಲ್ಲಿ, ವಿಕಿಪೀಡಿಯದಲ್ಲಿ ಬರೆಯುವವರ ಪೈಕಿ ಹೆಂಗಸರು ನೂರಕ್ಕೆ ಹತ್ತೂ ಇಲ್ಲವೆಂದು ಕಂಡುಬಂತು. ಬರೆಯುವವರು ತಮಗೆ ಗೊತ್ತಿದ್ದದ್ದನ್ನು ಬರೆಯುತ್ತಾರೆ. ಹಾಗಾಗಿ ಕ್ರಿಕೆಟ್ಟಿಗೆ, ಯುದ್ಧಕ್ಕೆ ಪುಟಗಳು ತುಂಬಿದವು, ಚಿತ್ರ ಬರೆದ ಹೆಂಗಸಿಗೆ ನಾಲ್ಕು ಸಾಲೂ ಸಿಗಲಿಲ್ಲ. 2014ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವರು 'ಆರ್ಟ್ ಪ್ಲಸ್ ಫೆಮಿನಿಸಂ' ಎಂದು ಶುರು ಮಾಡಿದ ಕೂಟ ಪ್ರತಿ ಮಾರ್ಚಿನಲ್ಲಿ ಊರೂರಿಗೆ ಹಬ್ಬಿತು. ಆ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಚಿತ್ರಗಳಲ್ಲಿ ಹೆಂಗಸರದ್ದು ಸುಮಾರು ಶೇಕಡಾ 15; ಈಗ 20ರ ಆಸುಪಾಸು. ಹತ್ತು ವರ್ಷ ಸಾವಿರಾರು ಜನ ಕೂತು ಬರೆದು ಬಂದದ್ದು ಅಷ್ಟು. 2003ರಲ್ಲಿ ಹುಟ್ಟಿದ ನಮ್ಮ ಕನ್ನಡ ವಿಕಿಪೀಡಿಯ ಮೂವತ್ತು ಸಾವಿರ ಲೇಖನ ದಾಟಿದೆ. ಬರೆಯುವ ಕೈಗಳು ಮಾತ್ರ ಇಲ್ಲಿ ತೀರಾ ಕಡಿಮೆ.

ಆ ಭಾನುವಾರ ನಾನೂ ಖಾತೆ ತೆರೆದು, ಕರಡು ಬರೆದು ನೋಡುವ 'ಪ್ರಯೋಗಪುಟ'ದಲ್ಲಿ ಕನಕಾ ಮೂರ್ತಿಯವರ ಬಗ್ಗೆ ಮೊದಲ ವಾಕ್ಯ ಬರೆದೆ: "ಶಿಲ್ಪಕಲಾ ಲೋಕದ ಮೇರು ಪ್ರತಿಭೆ, ನಾಡಿನ ಹೆಮ್ಮೆಯ ಪುತ್ರಿ..." ಹುಡುಗಿ ಪಕ್ಕದಲ್ಲಿ ಕೂತು ಓದಿದಳು. "ಆಂಟಿ, ಇದನ್ನ ಯಾರಾದರೂ ಅಳಿಸಿಬಿಡ್ತಾರೆ. ಏನು ಮಾಡಿದರು, ಯಾವಾಗ ಮಾಡಿದರು, ಅದು ಎಲ್ಲಿ ಅಚ್ಚಾಗಿದೆ, ಅಷ್ಟೇ ಬರೀರಿ." ಸನ್ಮಾನಪತ್ರದ ಭಾಷೆ ನಮ್ಮ ಕೈಗೆ ಎಷ್ಟು ಒಗ್ಗಿಹೋಗಿದೆ ನೋಡಿ! ಹೊಗಳಿಕೆಯನ್ನೆಲ್ಲ ಹೊಡೆದುಹಾಕಿದಾಗ ಉಳಿದದ್ದು ಎರಡೂವರೆ ಸಾಲು. ಆ ಎರಡೂವರೆ ಸಾಲಿಗೆ ಆಧಾರ ಹುಡುಕುವುದೇ ನಿಜವಾದ ಕೆಲಸ.

ಏಕೆಂದರೆ ವಿಕಿಪೀಡಿಯ ನಾನು ಕಂಡದ್ದನ್ನು, ಕೇಳಿದ್ದನ್ನು ಒಪ್ಪುವುದಿಲ್ಲ. ಸಂಬಂಧವಿಲ್ಲದ ಮೂರನೆಯವರು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಬರೆದಿರಬೇಕು. ಈ ನಿಯಮ ನ್ಯಾಯವಾದದ್ದೇ. ಆದರೆ ಕಲಾವಿದೆಯರಿಗೆ ಅದು ಭಾರವಾಗಿ ಬೀಳುತ್ತದೆ. ಹಳೆಯ ವರದಿಗಳನ್ನು ತೆಗೆದು ನೋಡಿ, ಹಾಡಿದವಳ ರಾಗಕ್ಕಿಂತ ಉಟ್ಟ ಸೀರೆಯ ಬಣ್ಣಕ್ಕೆ ಹೆಚ್ಚು ಜಾಗ. ಮದುವೆಯಾದ ಮೇಲೆ ಹೆಸರು ಬದಲಾಗಿ, ಒಬ್ಬರೇ ಇಬ್ಬರಾಗಿ ಕಾಣುವುದೂ ಉಂಟು.

ಇಬ್ಬರು ಒಬ್ಬರಾಗುವ ಫಜೀತಿ ಬೇರೆ. ನಮ್ಮ ಗುಂಪಿನಲ್ಲಿ ಒಬ್ಬರು ನಾಗರತ್ನಮ್ಮನವರ ಬಗ್ಗೆ ಟಿಪ್ಪಣಿ ತಂದಿದ್ದರು. ಓದುತ್ತ ಹೋದರೆ ತ್ಯಾಗರಾಜರ ಸಮಾಧಿ ಕಟ್ಟಿಸಿದವರೂ ಅವರೇ, ರಂಗದ ಮೇಲೆ ಕಂಸ, ರಾವಣರಾಗಿ ಅಬ್ಬರಿಸಿದವರೂ ಅವರೇ! ಮೊದಲನೆಯವರು ಬೆಂಗಳೂರು ನಾಗರತ್ನಮ್ಮ, 1878ರಿಂದ 1952. ಎರಡನೆಯವರು ಆರ್. ನಾಗರತ್ನಮ್ಮ; 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡವರು. ಇಬ್ಬರನ್ನೂ ಬಿಡಿಸುವುದರಲ್ಲಿ ಮಧ್ಯಾಹ್ನದ ಕಾಫಿ ಹೊತ್ತಾಯಿತು.

ಆ ಹಿರಿಯ ನಾಗರತ್ನಮ್ಮನವರನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಆಮೇಲೆ ಅಚ್ಚು ಹಾಕಿಸಿದವರು ಕೆಲವು ಪದ್ಯಗಳನ್ನು, ಕವಯಿತ್ರಿ ತನ್ನ ಪೂರ್ವಿಕರ ವಿಚಾರ ಹೇಳಿಕೊಂಡಿದ್ದ ಪೀಠಿಕೆಯನ್ನು ಬಿಟ್ಟುಬಿಟ್ಟರು. ನಾಗರತ್ನಮ್ಮ ಹಸ್ತಪ್ರತಿ ತರಿಸಿ, ಪಾಠ ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ಪುಸ್ತಕ ನಿಷೇಧಿಸಿತು; ನಿಷೇಧ ತೆಗೆಯಲು ಮೂವತ್ತೈದು ವರ್ಷ ದಾಟಿತು. ಅಳಿಸಿದ್ದನ್ನು ಆಧಾರ ಹಿಡಿದು ಮತ್ತೆ ಬರೆಯುವ ಕೆಲಸವನ್ನು ಬೆಂಗಳೂರಿನ ಹೆಸರು ಹೊತ್ತ ಹೆಂಗಸೊಬ್ಬಳು ಆಗಲೇ ಮಾಡಿದ್ದಳು.

ಇನ್ನು ಫೋಟೋ. ಪೇಪರಿನದ್ದನ್ನು ತೆಗೆದು ಹಾಕುವಂತಿಲ್ಲ, ಅದರ ಹಕ್ಕು ಬೇರೆಯವರದ್ದು. ನಾವೇ ತೆಗೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟದ್ದಾಗಬೇಕು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆಯಲು ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡಬರುವುದಿಲ್ಲ. ಮರುದಿನ ಬೆಳಗ್ಗೆ ಲಾಲ್‌ಬಾಗಿನಲ್ಲಿ ಕುವೆಂಪು ಅವರ ಮುಂದೆ ಮೊಬೈಲ್ ಹಿಡಿದು ನಿಂತೆ. ಕೈಮುಗಿಯುವಾಗ ಕಾಣದ್ದೆಲ್ಲ ಆಗ ಕಂಡಿತು, ಹಣೆಯ ಗೆರೆ, ತುಟಿಯ ಬಿಗಿ. ಅಷ್ಟು ಹೊತ್ತು ಒಂದು ಶಿಲ್ಪವನ್ನು ನಾನು ಎಂದೂ ನೋಡಿರಲಿಲ್ಲ.

ಈಗ ನನಗೆ ಹಿಡಿದಿರುವ ಚಿಂತೆ ಕಂಪ್ಯೂಟರಿನದ್ದಲ್ಲ, ಅಟ್ಟದ್ದು. ಬಸವನಗುಡಿಯ ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ ಪುಸ್ತಕಗಳಿಗೆ ಕಾವಲಿದೆ. ಮನೆಗಳಲ್ಲಿರುವ ಹಳೆಯ ಪತ್ರಿಕೆ, ಸ್ಮರಣ ಸಂಚಿಕೆ, ರಾಮನವಮಿ ಕಛೇರಿಗಳ ಕರೆಯೋಲೆಗಳಿಗೆ ಇಲ್ಲ. ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಮೊದಲು ಹೊರಹೋಗುವುದು ಟ್ರಂಕುಗಳೇ.

ಮಲ್ಲೇಶ್ವರದ ನನ್ನ ಗೆಳತಿಯ ತಾಯಿಗೆ ನೃತ್ಯದ ಹುಚ್ಚು. ಪಂದನಲ್ಲೂರಿನಲ್ಲಿ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಭರತನಾಟ್ಯ, ಕೇರಳ ಕಲಾಮಂಡಲದಲ್ಲಿ ಕಥಕ್ಕಳಿ ಕಲಿತ ಶಾಂತಾ ರಾವ್ ಇದ್ದದ್ದು ಅದೇ ಮಲ್ಲೇಶ್ವರದಲ್ಲಿ, 2007ರಲ್ಲಿ ತೀರಿಕೊಳ್ಳುವವರೆಗೂ. ಅವರ ಕಾರ್ಯಕ್ರಮಗಳ ವಿಮರ್ಶೆಗಳನ್ನು ಅಮ್ಮ ತಾರೀಖಿನ ಸಮೇತ ಕತ್ತರಿಸಿಡುತ್ತಿದ್ದರಂತೆ. ಬರುವ ಭಾನುವಾರ ಅಲ್ಲೇ ಸೇರುತ್ತೇವೆ. ಅಲ್ಲಿಯವರೆಗೆ ರದ್ದಿಯವನನ್ನು ಒಳಗೆ ಬಿಡಬೇಡ ಎಂದು ಅವಳಿಗೆ ಎರಡು ಸಲ ಫೋನ್ ಮಾಡಿ ಹೇಳಿದ್ದೇನೆ.