ಪಂಚಾಂಗ ನೋಡಿ ದೋಣಿ ಹತ್ತಿ

ಹೊನ್ನಾವರದ ಬಳಿ ಶರಾವತಿಯ ನಟ್ಟನಡುವೆ, ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮ ದೋಣಿ ಕುಳಿತುಬಿಟ್ಟಿತು. ಮುಳುಗಲಿಲ್ಲ, ಒಡೆಯಲಿಲ್ಲ. ಮರಳಿನ ದಿಬ್ಬದ ಮೇಲೆ ಎಮ್ಮೆ ಕೂತ ಹಾಗೆ ಕೂತಿತು. ದೋಣಿಯಲ್ಲಿ ಇಪ್ಪತ್ತೆಂಟು ಮಕ್ಕಳು, ಮೂವರು ಶಿಕ್ಷಕರು. ಪರೀಕ್ಷೆ ಮುಗಿದ ಸಂತೋಷಕ್ಕೆ ಹೊರಟ ಪ್ರವಾಸ ಅದು. ನಮ್ಮದು ಬಯಲುಸೀಮೆಯ ಊರು. ನೀರೆಂದರೆ ಕೆರೆ, ಕೆರೆಯೆಂದರೆ ಬೇಸಿಗೆಯಲ್ಲಿ ಒಣಗಿದ ಮೈದಾನ ಎಂದು ತಿಳಿದವರು ನಾವು. ನದಿಯ ನೀರು ಸುಮಾರು ಆರು ಗಂಟೆಗೊಮ್ಮೆ ಇಳಿಯುತ್ತದೆ, ಏರುತ್ತದೆ ಎಂಬುದನ್ನು ನಾನು ಒಂಬತ್ತನೆಯ ತರಗತಿಗೆ ವರ್ಷ ವರ್ಷವೂ ಪಾಠ ಮಾಡಿದ್ದೆ. ಆದರೆ ಪ್ರವಾಸ ನಿಗದಿ ಮಾಡುವಾಗ ಅದು ನೆನಪಿಗೇ ಬಂದಿರಲಿಲ್ಲ!

ಹುಡುಗರು ಸುಮ್ಮನಿರುತ್ತಾರೆಯೇ? ದೋಣಿಯನ್ನು ಅಲುಗಾಡಿಸಿ ದಿಬ್ಬದಿಂದ ಬಿಡಿಸೋಣವೆಂದು ಹನ್ನೆರಡು ಮಂದಿ ಒಮ್ಮೆಲೇ ಎಡಗಡೆಗೆ ಓಡಿದರು. ದೋಣಿ ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು. ಹಿಂದೆ ಜಲ್ಲೆ ಹಿಡಿದು ನಿಂತಿದ್ದ ಹಿರಿಯರು, "ಮಾಸ್ತರೇ, ಮಕ್ಕಳಿಗೆ ಕೂತ್ಕೊಳ್ಳಲಿಕ್ಕೆ ಹೇಳಿ! ಮೊದಲು ಕೂತ್ಕೊಳ್ಳಲಿಕ್ಕೆ ಹೇಳಿ!" ಎಂದು ಕೂಗಿದ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ. ಮಕ್ಕಳು ಕೂತರು, ದೋಣಿ ನೆಟ್ಟಗಾಯಿತು. ಆಮೇಲೆ ಸಣ್ಣ ದೋಣಿಯೊಂದು ಬಂದು ಆರಾರು ಮಂದಿಯಂತೆ ನಮ್ಮನ್ನು ದಡ ಸೇರಿಸುವಷ್ಟರಲ್ಲಿ ಏಳು ಗಂಟೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ದಿನ ದೋಣಿಯಲ್ಲಿದ್ದ ಜೀವರಕ್ಷಕ ಜಾಕೀಟುಗಳು ಒಂಬತ್ತು. ಹತ್ತುವ ಮೊದಲು ನಾನು ಅವನ್ನು ಎಣಿಸಿರಲಿಲ್ಲ.

ಬೇಸಿಗೆ ರಜೆ ಬಂದಿದೆ. ಈಗ ನಮ್ಮ ಕರಾವಳಿಯ ಹೊಳೆಗಳಲ್ಲೆಲ್ಲ ದೋಣಿ ವಿಹಾರದ ಫಲಕಗಳು ಕಾಣುತ್ತವೆ. ಹೋಗಿ, ಖಂಡಿತ ಹೋಗಿ. ಮಕ್ಕಳನ್ನು ನೀರಿನಿಂದ ದೂರವಿಟ್ಟು ಬೆಳೆಸಬೇಕೆನ್ನುವವನು ನಾನಲ್ಲ. ಆದರೆ ಬಸ್ಸು, ವಸತಿ, ಊಟ ಗೊತ್ತುಮಾಡುವ ಮೊದಲು ನದಿಯನ್ನು ಗೊತ್ತುಮಾಡಿಕೊಳ್ಳಿ.

ಶರಾವತಿಯನ್ನೇ ನೋಡೋಣ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯ ಬಳಿ ಬಯಲಿಗೆ ಬಂದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಗೇರುಸೊಪ್ಪೆಯಿಂದ ಕೆಳಗಿನ ಸುಮಾರು 30 ಕಿ.ಮೀ. ಹಿಂದಿನಿಂದಲೂ ದೋಣಿಯ ದಾರಿ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಮೆಣಸು ಹಡಗಿಗೆ ಇಳಿದದ್ದು ಈ ಹೊಳೆಯ ಮೇಲೆ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ನಿಯೋಗದ ಜೊತೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲೇ ಹೋದ. ಈ ನದಿಯ ಚೆಲುವನ್ನು ಬಾಯ್ತುಂಬ ಹೊಗಳಿದ. ನಾಲ್ಕು ನೂರು ವರ್ಷ ಕಳೆದರೂ ತೆಂಗು, ಅಡಕೆ, ಕಾಂಡ್ಲಾ ಗಿಡಗಳ ನಡುವೆ ಹೋಗುವಾಗ ಅವನ ಮಾತಿಗೆ ತಲೆದೂಗಬೇಕೆನಿಸುತ್ತದೆ. ಎರಡು ಕಿ.ಮೀ.ಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯನ್ನಂತೂ ಅವನು ಕಂಡಿರಲಿಲ್ಲ.

ಅದೇ ನದಿಯ ಮೇಲ್ತುದಿಯಲ್ಲಿ ಲೆಕ್ಕವೇ ಬೇರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಮುದ್ರದ ಪ್ರಭಾವವಿಲ್ಲ. ಅಲ್ಲಿ ನೋಡಬೇಕಾದದ್ದು ಜಲಾಶಯದ ಮಟ್ಟ. ಮೇ ತಿಂಗಳಿಗೆ ನೀರು ಇಳಿದು, ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲೇಳುತ್ತವೆ. ನೀರು ತೀರ ಕಡಿಮೆಯಾದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಎದ್ದು ನಿಲ್ಲುತ್ತದೆ. ಹಸಿರುಮಕ್ಕಿಯಂಥ ಕಡವುಗಳಲ್ಲಿ ಲಾಂಚು ನಿಲ್ಲುವುದೂ ಉಂಟು. ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆಯಾದ ಮೇಲೆ ಆ ದಾರಿಯವರಿಗೆ ಲಾಂಚಿನ ಕಾಯುವಿಕೆ ತಪ್ಪಿತು. ಹಿನ್ನೀರಿಗೆ ಹೋಗುವವರು ನವೆಂಬರ್, ಡಿಸೆಂಬರ್ ಆರಿಸಿಕೊಳ್ಳುವುದು ಲೇಸು. ಬೇಸಿಗೆಗೆ ಕೆಳಗಿನ ಹೊಳೆಯೇ ಸರಿ.

ತಿಥಿಗೆ ಎರಡು ಘಳಿಗೆ

ಕೆಳಗಿನ ಹೊಳೆಯಲ್ಲಿ ಸಮುದ್ರದ ಉಬ್ಬರವಿಳಿತ ಒಳನುಗ್ಗುತ್ತದೆ. ನಮ್ಮ ಕರಾವಳಿಯವರು ಇದಕ್ಕೆ ಭರತ, ಇಳಿತ ಎನ್ನುತ್ತಾರೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಸೂರ್ಯ, ಚಂದ್ರರ ಸೆಳೆತ ಕೂಡಿಕೊಂಡು ನೀರು ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಒಂದು ಮೀಟರಿಗಿಂತ ಕಡಿಮೆ.

ಈಗ ಒಂದು ಸೊಗಸು ನೋಡಿ. ತಿಥಿ ಎಂದರೇನು? ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಬೇಕಾದ ಕಾಲ. ಭೂಮಿ ತನ್ನ ಅಕ್ಷದ ಮೇಲೆ 12 ಡಿಗ್ರಿ ತಿರುಗಲು 48 ನಿಮಿಷ ಬೇಕು, ಅಂದರೆ ಸರಿಯಾಗಿ ಎರಡು ಘಳಿಗೆ. ಹಾಗಾಗಿ ತಿಥಿಗೆ ಎರಡು ಘಳಿಗೆಯಂತೆ ಭರತ ತಡವಾಗುತ್ತ ಹೋಗುತ್ತದೆ. ನಿಮ್ಮ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗವೇ ಭರತದ ಪಟ್ಟಿ! ಮೂವತ್ತು ತಿಥಿಗೆ ಅರವತ್ತು ಘಳಿಗೆ, ಒಂದು ಪೂರ್ತಿ ದಿನ. ಮತ್ತೆ ಮೊದಲಿನಿಂದ ಶುರು.

ಮಾಡಬೇಕಾದದ್ದು ಇಷ್ಟು. ದೋಣಿಯವರಿಗೆ ಫೋನು ಮಾಡಿ, "ಅಮಾವಾಸ್ಯೆ ದಿನ ನಿಮ್ಮಲ್ಲಿ ಭರತ ತುಂಬುವುದು ಎಷ್ಟು ಹೊತ್ತಿಗೆ?" ಎಂದು ಕೇಳಿ. ಹನ್ನೊಂದು ಗಂಟೆ ಎಂದರು ಅನ್ನಿ. ಹಾಗಾದರೆ ಶುದ್ಧ ಪಂಚಮಿಯಂದು ಐದು ಬಾರಿ 48, ಅಂದರೆ ನಾಲ್ಕು ಗಂಟೆ ತಡ. ಮಧ್ಯಾಹ್ನ ಮೂರಕ್ಕೆ ಭರತ. ಬಹುಳ ತ್ರಯೋದಶಿಯಂದು ಎರಡು ತಿಥಿ ಹಿಂದೆ, ಒಂಬತ್ತೂವರೆಗೆ. ಹುಣ್ಣಿಮೆಯಂದು ಹದಿನೈದು ತಿಥಿ, ಹನ್ನೆರಡು ಗಂಟೆ, ಮತ್ತೆ ಹನ್ನೊಂದಕ್ಕೇ. ಅರ್ಧ, ಮುಕ್ಕಾಲು ಗಂಟೆ ಹೆಚ್ಚುಕಡಿಮೆ ಆಗುವುದುಂಟು. ಹೊಳೆಯಲ್ಲಿ ಮೇಲಕ್ಕೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ನಿಖರವಾಗಿ ಬೇಕೆನ್ನುವವರಿಗೆ ಡೆಹ್ರಾಡೂನಿನ ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಬಂದರುಗಳ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ ಎಂಬುದನ್ನೂ ಗಮನಿಸಿ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಒಂದೂವರೆ ಮೀಟರ್ ಇಳಿಯುವ ದಿನ ನಡುವಿನ ಎರಡೇ ಗಂಟೆಯಲ್ಲಿ 75 ಸೆಂಟಿಮೀಟರ್ ನೀರು ಮಾಯ. ನಮ್ಮ ಪ್ರವಾಸ ಹುಣ್ಣಿಮೆಯ ಮರುದಿನ. ಊಟ ಮುಗಿಸಿ ಎರಡು ಗಂಟೆಗೆ ದೋಣಿ ಹತ್ತಿದೆವು. ಸರಿಯಾಗಿ ಆ ಎರಡು ಗಂಟೆ! ಇಳಿತ ಮುಗಿಯಲು ಒಂದೂವರೆ ಗಂಟೆ ಇರುವಾಗ ದಿಬ್ಬ ಹತ್ತಿದ ದೋಣಿ, ಇಳಿತ ಮುಗಿದು ಒಂದೂವರೆ ಗಂಟೆಯಾಗುವವರೆಗೆ ತೇಲುವುದಿಲ್ಲ. ಭರತ ಏರುವಾಗ ದಿಬ್ಬ ಹತ್ತಿದ್ದರೆ ಕಾಲು ಗಂಟೆಯಲ್ಲಿ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು. ಆದ್ದರಿಂದ ಏರುವ ನೀರಿನಲ್ಲಿ ಹೊರಡಿ.

ಇದರ ಮೇಲೆ ಗಾಳಿ. ಬೇಸಿಗೆಯಲ್ಲಿ ನೆಲ ಬೇಗ ಕಾದು ಹನ್ನೊಂದು, ಹನ್ನೆರಡರ ಮೇಲೆ ಕಡಲ ಗಾಳಿ ಒಳಕ್ಕೆ ಬೀಸುತ್ತದೆ, ಮಧ್ಯಾಹ್ನ ಜೋರಾಗುತ್ತದೆ. ಇಳಿತದ ನೀರು ಹೊರಕ್ಕೆ, ಗಾಳಿ ಒಳಕ್ಕೆ. ಎರಡೂ ಎದುರುಬದುರಾದರೆ ಅಳಿವೆಯ ಹತ್ತಿರ ಗಿಡ್ಡನೆಯ, ಕಡಿದಾದ ಅಲೆಗಳೇಳುತ್ತವೆ. ಮೇ ತಿಂಗಳಲ್ಲಿ ಸಂಜೆಯ ಗುಡುಗು, ಸಿಡಿಲು ಬೇರೆ. ಬಟಾಬಯಲಾದ ಹೊಳೆಯ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವು ಕುಳಿತ ದೋಣಿಯೇ. ಇವನ್ನೆಲ್ಲ ಕೂಡಿಸಿ ಕಳೆದರೆ ಉಳಿಯುವುದು ತ್ರಯೋದಶಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳ ಬೆಳಗು. ಏಳು ಗಂಟೆಗೆ ಏರುವ ಭರತದ ಜೊತೆ ಮೇಲಕ್ಕೆ ಹೋಗಿ, ತಿರುಗುವ ನೀರಿನ ಜೊತೆ ಹನ್ನೆರಡರೊಳಗೆ ಮರಳುವುದು. ಹಕ್ಕಿಗಳನ್ನು ನೋಡಲೂ ಅದೇ ಹೊತ್ತು.

ನೂರು ಕಿಲೊಗೆ ಒಂದು ಸೆಂಟಿಮೀಟರ್

ಈಗ ದೋಣಿಯ ಮಾತು. ನೀರಿನ ಮಟ್ಟದಲ್ಲಿ ಹತ್ತು ಚದರ ಮೀಟರ್ ಅಗಲಿಸಿಕೊಂಡ ದೋಣಿಯೊಂದನ್ನು ಊಹಿಸಿಕೊಳ್ಳಿ. ಅದು ಒಂದು ಸೆಂಟಿಮೀಟರ್ ತಗ್ಗಿದರೆ ನೂರು ಲೀಟರ್ ನೀರನ್ನು ಸರಿಸುತ್ತದೆ, ಅಂದರೆ ನೂರು ಕಿಲೊ ಭಾರ ಹೊರುತ್ತದೆ. ಆರ್ಕಿಮಿಡೀಸನ ತತ್ವ ಇಷ್ಟೇ. ಅರವತ್ತು ಕಿಲೊ ತೂಕದ ಇಪ್ಪತ್ತು ಜನ ಹತ್ತಿದರೆ 12 ಸೆಂಟಿಮೀಟರ್, ಮೂವತ್ತು ಜನಕ್ಕೆ 18. "ಇನ್ನು ನಾಲ್ಕು ಜನ ತಾನೇ, ಹತ್ತಲಿ ಬಿಡಿ" ಎನ್ನುವಾಗ ನೀರಿಗೂ ದೋಣಿಯ ಅಂಚಿಗೂ ನಡುವೆ ಎಷ್ಟು ಗೇಣು ಉಳಿದಿದೆ ಎಂದು ಬಗ್ಗಿ ನೋಡಿ.

ಆದರೆ ದೋಣಿಗಳು ಮಗುಚುವುದು ಭಾರ ಒಂದರಿಂದಲೇ ಅಲ್ಲ. ಭಾರ ಎಲ್ಲಿ ಕೂತಿದೆ ಎಂಬುದರಿಂದ. ಮನೆಯಲ್ಲೇ ಪರೀಕ್ಷಿಸಬಹುದು. ಬಕೆಟ್ಟಿನ ನೀರಿನಲ್ಲಿ ಊಟದ ಡಬ್ಬಿಯೊಂದನ್ನು ತೇಲಿಬಿಟ್ಟು ತಳದಲ್ಲಿ ಹತ್ತು ನಾಣ್ಯ ಹರಡಿ. ತಳ್ಳಿದರೂ ನೆಟ್ಟಗಾಗುತ್ತದೆ. ಅದೇ ನಾಣ್ಯಗಳನ್ನು ಉದ್ದನೆಯ ಲೋಟಕ್ಕೆ ಹಾಕಿ ಲೋಟವನ್ನು ಡಬ್ಬಿಯೊಳಗೆ ನಿಲ್ಲಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿ. ಏನಾಯಿತು? ಗುರುತ್ವಕೇಂದ್ರ ಮೇಲಕ್ಕೆ ಹೋದಂತೆ ದೋಣಿ ತಾನಾಗಿ ನೆಟ್ಟಗಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಕುಳಿತ ಮಕ್ಕಳು ಎದ್ದು ನಿಂತರೆ, ಕೆಳಗಿನವರು ಮೇಲಂತಸ್ತಿಗೆ ಹೋದರೆ, ಎಲ್ಲರೂ ಒಂದೇ ಬದಿಗೆ ಓಡಿದರೆ ಆಗುವುದು ಇದೇ.

ಕೇರಳದ ತಟ್ಟೇಕಾಡಿನಲ್ಲಿ 2007ರ ಫೆಬ್ರವರಿಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, ಮೂವರು ಶಿಕ್ಷಕರು ತೀರಿಕೊಂಡರು. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡಂತಸ್ತಿನ ದೋಣಿ ಮಗುಚಿ 45 ಜನ. ತಾನೂರಿನ ಹೊಳೆಯ ಬಾಯಲ್ಲಿ 2023ರ ಮೇ 7ರ ಸಂಜೆ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ಎರಡಂತಸ್ತಿನ ದೋಣಿಯಲ್ಲಿ ಮಿತಿ ಮೀರಿ ಹತ್ತಿದವರ ಪೈಕಿ 22 ಮಂದಿ; ಅವರಲ್ಲಿ ಮಕ್ಕಳೂ ಇದ್ದರು. ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿಯಲ್ಲಿ 12 ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕಿಯರು. ಕೆರೆಯಲ್ಲಿ ಭರತವೂ ಇಲ್ಲ, ಇಳಿತವೂ ಇಲ್ಲ. ಈ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಆ ಹಿರಿಯರ ಕೂಗು ಕೇಳುತ್ತದೆ.

ಪಾಲಕರಲ್ಲಿ, ಸಹೋದ್ಯೋಗಿ ಶಿಕ್ಷಕರಲ್ಲಿ ನನ್ನ ಕೋರಿಕೆಯೆಂದರೆ ನಾಚಿಕೆಪಡದೆ ಕೇಳಿ. 1917ರ ಹಳೆಯ ಕಾನೂನಿನ ಬದಲಿಗೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದಿದೆ. ದೋಣಿಯ ನೋಂದಣಿ ಎಲ್ಲಿ, ತಪಾಸಣೆಯ ಪ್ರಮಾಣಪತ್ರ ಎಲ್ಲಿ, ಎಷ್ಟು ಜನಕ್ಕೆ ಅನುಮತಿ ಎಂದು ಕೇಳಿದರೆ ಅಧಿಕಪ್ರಸಂಗವಲ್ಲ. ಜಾಕೀಟುಗಳನ್ನು ಎಣಿಸಿ. ದೊಡ್ಡವರ ಜಾಕೀಟನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೀಟು ಮೇಲೇರುತ್ತದೆ, ಮಗು ಕೆಳಗೆ ಜಾರುತ್ತದೆ. ಹೆಗಲ ಬಳಿ ಹಿಡಿದೆತ್ತಿ ನೋಡಿ. ಕಿವಿಯವರೆಗೆ ಬಂದರೆ ಅದು ಆ ಮಗುವಿಗಲ್ಲ. "ನನಗೆ ಈಜು ಬರುತ್ತೆ" ಎನ್ನುವ ಅಪ್ಪಂದಿರೂ ತೊಡಲಿ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ. ಜಾಕೀಟು ಹೊರಬೇಕಾದದ್ದು ನೀರಿನ ಮೇಲೆ ನಿಲ್ಲುವ ತಲೆಯ ನಾಲ್ಕೈದು ಕಿಲೊ ಮಾತ್ರ. ಆದರೆ ಗುಂಡಿ ಹಾಕದ ಜಾಕೀಟು ಅದನ್ನೂ ಹೊರಲಾರದು. ಸಂಖ್ಯೆ ಕಡಿಮೆ ಬಿದ್ದರೆ ಎರಡು ಸರದಿ ಮಾಡಿ, ಇಲ್ಲವೇ ಮುಂಗಡ ಹೋದರೂ ಹೋಗಲಿ, ಹತ್ತಬೇಡಿ.

ಇಷ್ಟಾದ ಮೇಲೆ ವಿಹಾರದ ಸಂತೋಷ ಪೂರ್ತಿ ನಿಮ್ಮದು. ಕಾಸರಕೋಡಿನ ಕಾಂಡ್ಲಾ ಕಾಡಿನಲ್ಲಿ ಮರದ ಹಲಗೆಯ ಕಾಲುದಾರಿಯಿದೆ. ಬೇರುಗಳು ಮೇಲೆ ಕಾಣಬೇಕಾದರೆ ಅಲ್ಲಿಗೆ ಇಳಿತದಲ್ಲಿ ಹೋಗಬೇಕು. ಕುತೂಹಲವುಳ್ಳ ಮಕ್ಕಳು ಎರಡು ಬಾಟಲಿ ಒಯ್ಯಲಿ. ಶರಾವತಿಯಲ್ಲಿ ಒಂದು, ಪಕ್ಕದ ಅಘನಾಶಿನಿಯ ತದಡಿಯ ಬಳಿ ಒಂದು, ನೀರು ತುಂಬಿಕೊಳ್ಳಲಿ. ನೂರು ಮಿಲಿಲೀಟರ್ ಕಡಲ ನೀರನ್ನು ಕುದಿಸಿ ಆವಿಯಾಗಿಸಿದರೆ ಸುಮಾರು ಮೂರೂವರೆ ಗ್ರಾಂ ಉಪ್ಪು ಉಳಿಯುತ್ತದೆ. ಈ ಎರಡರಲ್ಲಿ ಎಷ್ಟು ಉಳಿಯಿತು? ಬೇಸಿಗೆಯಲ್ಲೂ ವಿದ್ಯುದಾಗಾರಗಳಿಂದ ಸಿಹಿನೀರು ಬರುತ್ತಲೇ ಇರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆ; ಬಳಚು, ಮೀನುಗಳೂ ಕಡಿಮೆಯಾದವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಅಣೆಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಇಳಿತದ ಹೊತ್ತು ಹೆಂಗಸರು ಬಳಚು ಹೆಕ್ಕುವುದನ್ನು ಕಾಣಬಹುದು. ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಗೇರುಸೊಪ್ಪೆ ಅಣೆಕಟ್ಟೆಯ ಕೆಳಗೆ ಮಾತ್ರ ಸ್ನಾನಕ್ಕಿಳಿಯಬೇಡಿ. ಅಲ್ಲಿ ನೀರು ಏರುವುದು ಚಂದ್ರನ ಲೆಕ್ಕದಂತಲ್ಲ, ವಿದ್ಯುತ್ತಿನ ಬೇಡಿಕೆಯಂತೆ.

ಆ ಪ್ರವಾಸದ ಎರಡು ವರ್ಷದ ಬಳಿಕ ಮತ್ತೆ ಹೋದೆವು. ದಿನ ಗೊತ್ತುಮಾಡಿದವಳು ಒಂಬತ್ತನೆಯ ತರಗತಿಯ ಹುಡುಗಿ. ಅಜ್ಜಿಯ ಪಂಚಾಂಗ ತಂದು, ಕರಿಹಲಗೆಯ ಮೇಲೆ 48ರ ಮಗ್ಗಿ ಬರೆದು. ಫೋನಿನಲ್ಲಿ ಅದೇ ಹಿರಿಯರು ಸಿಕ್ಕರು. ಇಪ್ಪತ್ತು ಜನರಂತೆ ಎರಡು ದೋಣಿ ಬೇಕು, ಬಹುಳ ಚತುರ್ದಶಿಯ ದಿನ ಬೆಳಿಗ್ಗೆ ಏಳಕ್ಕೆ ಕಡವಿನಲ್ಲಿರುತ್ತೇವೆ ಎಂದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಈ ಸಲ ಭರತ ನೋಡ್ಕೊಂಡೇ ಹೊರಟ್ರಿ ಮಾಸ್ತರೇ?" ಎಂದು ನಕ್ಕರು.